ಬೀರುವಿನಲ್ಲಿ ಹಾರಿದ ಮಾವ

ಮಾವ ಬಚ್ಚಲುಮನೆಯ ಬಾಗಿಲ ಚಿಲಕ ಬಿಚ್ಚುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ತಿರುಪನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಇಬ್ಬರೂ ಮಾತಾಡಲಿಲ್ಲ. ಅತ್ತೆ ಇನ್ನೂ ಮಲಗಿದ್ದರು. ಅವರು ಏಳುವ ಮೊದಲು ಕೆಲಸ ಮುಗಿಯಬೇಕಿತ್ತು. ಹಿಂದಿನ ದಿನವಷ್ಟೇ ಅತ್ತೆ ಬೇರೆ ಯಾರನ್ನೋ ಕರೆಸಿ ಆ ಚಿಲಕ ಹಾಕಿಸಿದ್ದರು. ಬಡಗಿಯ ಮನೆಗೆ ಇನ್ನೊಬ್ಬ ಬಡಗಿ ಬಂದುಹೋದನೆಂದು ಮಾವನಿಗೆ ಬೇಸರವಿರಲಿಲ್ಲ. ಚಿಲಕವಿರುವ ಬಾಗಿಲ ಹಿಂದೆ ನಿಂತು ಸ್ನಾನ ಮಾಡಬೇಕಲ್ಲ, ಅದು ಅವರ ಸಂಕಟ.

ನಮ್ಮ ಮಾವನಿಗೆ ಮುಚ್ಚಿದ ಜಾಗ ಆಗುವುದಿಲ್ಲ. ಅವರ ಪ್ರಕಾರ ಅದು ಹೆದರಿಕೆಯಲ್ಲ. "ನನಗೆ ಗಾಳಿ ಸ್ವಲ್ಪ ಜಾಸ್ತಿ ಬೇಕು, ಅಷ್ಟೇ," ಎನ್ನುತ್ತಾರೆ. ಈ ಸ್ವಲ್ಪ ಗಾಳಿಯ ದೆಸೆಯಿಂದ ನಮ್ಮ ಮನೆಯ ಒಳಬಾಗಿಲು ಯಾವುದಕ್ಕೂ ಚಿಲಕವಿಲ್ಲ. ಬಚ್ಚಲಿಗೆ ಹೋದವರು ತಾವು ಒಳಗಿದ್ದೇವೆಂದು ತಿಳಿಸಲು ಹಾಡುತ್ತಲೇ ಇರಬೇಕು. ನನಗೆ ಹಾಡಲು ನಾಚಿಕೆ, ಚೊಂಬಿನಿಂದ ಬಕೆಟ್ ಬಡಿಯುತ್ತೇನೆ. ಅತ್ತೆ ಗಂಟಲು ಬಿಟ್ಟು ಹಾಡುತ್ತಾರೆ. ಹೋದ ವಾರ ಎರಡು ಹಾಡುಗಳ ನಡುವೆ ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದೇ ತಪ್ಪಾಯಿತು. ಮಾವ ಬಾಗಿಲು ನೂಕಿದರು, ಅತ್ತೆ ಗಾಬರಿಯಾಗಿ ಜಾರಿದರು, ಬಲಗಾಲು ಮುರಿಯಿತು. ಪ್ಲಾಸ್ಟರಿನ ಹಿಂದೆಯೇ ಚಿಲಕವೂ ಬಂತು.

ಲಿಫ್ಟ್ ಹತ್ತದ, ಕತ್ತು ಬಿಗಿಯುವ ಅಂಗಿ ತೊಡದ ಈ ಮನುಷ್ಯನ ಕಸುಬು ಬೀರು ಮಾಡುವುದು. ಊರಿನವರ ಬಟ್ಟೆಬರೆಯನ್ನೆಲ್ಲ ಕತ್ತಲೆಯಲ್ಲಿ ಕೂಡಿಹಾಕುವುದಕ್ಕೆ ಅವರೇ ಮರ ಕೊಯ್ಯುತ್ತಾರೆ. ಹೊರಗಿನ ಕೆಲಸ ಅವರದು. ಒಳಗೆ ಕೂತು ಮೂಲೆ ಉಜ್ಜುವುದು, ಪಾಲಿಶ್ ಬಳಿಯುವುದು, ತಿರುಪು ಬಿಗಿಯುವುದು ನನ್ನದು. ಏಳನೇ ತರಗತಿಗೆ ಶಾಲೆ ಬಿಟ್ಟು ಸೋದರಮಾವನ ಈ ಮನೆಗೆ ಬಂದ ಮೇಲೆ ನನ್ನ ಬಾಳಿನ ಹೆಚ್ಚು ಭಾಗ ಬೀರುಗಳ ಒಳಗೇ ಕಳೆದಿದೆ. ಅಲ್ಲಿ ಯಾರೂ ಮಾತಾಡಿಸುವುದಿಲ್ಲವಾದ್ದರಿಂದ ನನಗೇನೂ ತೊಂದರೆಯಿಲ್ಲ.

ಚಿಲಕ ಕೈಗೆ ಬರುವ ಹೊತ್ತಿಗೆ ಫೋನ್ ಬಂತು. ಮಾವನ ಮಗಳು, ನಾನು ಅಕ್ಕ ಎನ್ನುವವಳು. ಅವಳು ದೂರದ ದ್ವೀಪವೊಂದರ ಆಸ್ಪತ್ರೆಯಲ್ಲಿ ನರ್ಸ್.

"ಅಪ್ಪಾ, ರಿಜಿಸ್ಟ್ರಾರ್ ಆಫೀಸಲ್ಲಿ ದಿನ ಕೊಟ್ಟಿದ್ದಾರೆ. ಬರೋ ಸೋಮವಾರ ನಮ್ಮ ಮದುವೆ. ಬರ್ತೀಯಲ್ಲ?"

"ಬರ್ದೆ ಇರ್ತೀನಾ? ನಾಳೇನೇ ಹಡಗು ಹತ್ತೀನಿ. ಮೇಲೆ ಬಯಲಲ್ಲಿ ಕೂತ್ಕೊಂಡು..."

"ಹಡಗು ಇಲ್ಲಪ್ಪ. ಬಿರುಗಾಳಿ ಕಾಲ ಮುಗಿಯೋವರೆಗೂ ನಿಲ್ಸಿದ್ದಾರೆ. ವಿಮಾನದಲ್ಲೇ ಬರ್ಬೇಕು."

ಮಾವ ಕೈಯಲ್ಲಿದ್ದ ಚಿಲಕವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು.

"ಅಪ್ಪಾ? ಇದ್ದೀಯಾ?"

"ವಿಮಾನ ತಾನೇ? ಅದಕ್ಕೇನು! ಹತ್ತಿ ಕೂತ್ರೆ ಆಯ್ತಮ್ಮ!" ಎಂದು ಮಾವ ಎಷ್ಟು ಜೋರಾಗಿ ಹೇಳಿದರೆಂದರೆ ಅತ್ತೆಗೆ ಎಚ್ಚರವಾಯಿತು.

ಅಕ್ಕ ಮೆಲ್ಲಗೆ ಹೇಳಿದಳು: "ನಂಗೆ ಪದಕ ಕೊಟ್ಟ ದಿನ ಸಭಾಂಗಣದ ಬಾಗಿಲು ಹಾಕಿದ್ರು ಅಂತ ನೀನು ಎದ್ದು ಹೋದೆ. ವೇದಿಕೆ ಮೇಲಿಂದ ನಾನು ನೋಡಿದ್ದು ಖಾಲಿ ಕುರ್ಚಿ. ಈ ಸಲ ನೀನು ಎದುರಿಗೆ ಕೂತಿರದೆ ನಾನು ಸಹಿ ಹಾಕಲ್ಲ. ಹುಡುಗ ಕಾಯ್ತೀನಿ ಅಂದಿದ್ದಾನೆ. ಎಷ್ಟು ದಿನ ಕಾಯ್ತಾನೋ ಗೊತ್ತಿಲ್ಲ."

ಅತ್ತೆಗೆ ಕಾಲು ಊರುವಂತಿರಲಿಲ್ಲ. "ಇವಳನ್ನ ಕರ್ಕೊಂಡು ಹೋಗಿ," ಎಂದು ನನ್ನತ್ತ ಬೆರಳು ತೋರಿಸಿದರು. ಆಮೇಲೆ ಬಾಗಿಲ ಮೇಲಿನ ತೂತುಗಳನ್ನು ನೋಡಿದರು. ಆಗ ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ವಿಮಾನದ ವಿಚಾರವೆಂದರೆ ನಮ್ಮ ಬೀದಿಯಲ್ಲಿ ಒಬ್ಬರೇ ತಿಳಿದವರು: ಎದುರುಮನೆಯ ಔಷಧಿ ಅಂಗಡಿಯವರು. ಅವರು ಬಾಳಿನಲ್ಲಿ ಒಂದೇ ಒಂದು ಸಲ ವಿಮಾನ ಹತ್ತಿ, ಕೂತು, ಇಳಿದಿದ್ದರು. ಅಂದಿನಿಂದ ಕೆಮ್ಮಿಗೆ ಔಷಧಿ ಕೇಳಿದವರಿಗೂ ಅದೇ ಕಥೆ. ಬೀದಿಯವರು ಅವರ ಹೆಸರನ್ನೇ ಮರೆತು ಪೈಲಟ್ ಎಂದು ಕರೆಯುತ್ತಾರೆ. ಅವರೂ ಬೇಡವೆಂದಿಲ್ಲ.

"ಸೀಟು ಅಂದ್ರೆ ಇಷ್ಟೇ ಕಣ್ರೀ," ಎಂದು ಪೈಲಟ್ ಎರಡು ಕೈಗಳ ನಡುವೆ ಒಂದು ತಲೆದಿಂಬಿನಷ್ಟು ಜಾಗ ತೋರಿಸಿದರು. "ಮೊಣಕಾಲು ಮುಂದಿನ ಸೀಟಿಗೆ ತಾಗುತ್ತೆ. ಪಕ್ಕದವನ ಮೊಣಕೈ ನಿಮ್ಮ ಹೊಟ್ಟೆಗೆ. ಒಂದ್ಸಲ ಬಾಗಿಲು ಹಾಕಿದ್ರೋ, ರಾಜನೇ ಬಂದು ಬಡಿದ್ರೂ ತೆಗೆಯಲ್ಲ."

"ಗಾಳಿ?" ಮಾವ ಕೇಳಿದರು.

"ತಲೆ ಮೇಲೆ ಒಂದು ತೂತು ಇರುತ್ತೆ."

"ಎಷ್ಟು ದೊಡ್ಡದು?"

ಪೈಲಟ್ ಅತ್ತಿತ್ತ ನೋಡಿ, "ಇವಳ ಹೆಬ್ಬೆರಳಷ್ಟು," ಎಂದರು. ಮಾವ ನನ್ನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು. ಅವರು ಇನ್ನು ಬದುಕುವುದಾದರೆ ಅದರೊಳಗಿಂದಲೇ ಬದುಕಬೇಕು ಎಂಬಂತೆ. ನಾನು ಬೆರಳನ್ನು ಮಡಚಿಕೊಂಡೆ.

"ಅಭ್ಯಾಸ ಮಾಡ್ಕೊಳ್ಳಿ," ಎಂದು ಪೈಲಟ್ ಎರಡು ಮಾತ್ರೆ ಕೊಟ್ಟರು. "ಹೊಟ್ಟೆ ತೊಳಸಲ್ಲ, ಮಂಪರೂ ಬರುತ್ತೆ. ಒಂದು ಹೋಗೋಕೆ, ಒಂದು ಬರೋಕೆ."

ಅಭ್ಯಾಸಕ್ಕೆ ಮುಚ್ಚಿದ ಜಾಗ ಬೇಕು. ಚಿಲಕವಿಲ್ಲದ ನಮ್ಮ ಮನೆಯಲ್ಲಿ ಅಂಥದ್ದು ಇದ್ದುದು ಎರಡೇ: ಮನೆಯ ಮುಂದೆ ನಾವು ಕೆಲಸ ಮಾಡುವ ಕೊಟ್ಟಿಗೆಯಲ್ಲಿ ನಿಂತಿದ್ದ ಎರಡು ಬೀರುಗಳು. ಒಂದಕ್ಕೆ ಪಾಲಿಶ್ ಇನ್ನೂ ಹಸಿಯಾಗಿತ್ತು. ಬಾಗಿಲ ಬಳಿ ಇದ್ದ ಇನ್ನೊಂದು ಹಲ್ಲಿನ ಡಾಕ್ಟರದು; ಮರುದಿನ ಕಳಿಸಬೇಕಾದದ್ದು. ಅದರ ನೆತ್ತಿಯಲ್ಲಿ ಜಾಲರಿ ಹಾಕಿದ ಗಾಳಿಕಂಡಿ ಇತ್ತು. ಮಾವ ಅದರೊಳಗೆ ಒಂದು ಸ್ಟೂಲ್ ಇಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಯುದ್ಧಕ್ಕೆ ಹೊರಟವರ ಮುಖ ಮಾಡಿ ಕೂತರು. ಗಾಬರಿಯಲ್ಲಿ ಹೋಗುವ ಮಾತ್ರೆಯನ್ನೂ ಬರುವ ಮಾತ್ರೆಯನ್ನೂ ಒಟ್ಟಿಗೇ ನುಂಗಿದರು.

"ಅರ್ಧ ಗಂಟೆ ಬಾಗಿಲು ತೆಗೀಬೇಡ. ಕೂಗಿದ್ರೂ ತೆಗೀಬೇಡ. ಅತ್ರೂ ತೆಗೀಬೇಡ. ನಿಮ್ಮತ್ತೆ ಹೇಳಿದ್ರೂ ತೆಗೀಬೇಡ."

"ಬೆಂಕಿ ಬಿದ್ರೆ, ಮಾವ?"

ಮಾವ ಯೋಚಿಸಿದರು. "ಆಗ ನನ್ನ ಒಂದು ಮಾತು ಕೇಳಿ ತೆಗಿ. ಮಧ್ಯೆ ಮಧ್ಯೆ ಬೀರು ಅಲ್ಲಾಡ್ಸು. ವಿಮಾನ ಅಲ್ಲಾಡುತ್ತಂತೆ."

ನಾನು ಬಾಗಿಲು ಹಾಕಿ ಬೀಗ ತಿರುಗಿಸಿದೆ. ಒಳಗೆ ಒಂದು ದೊಡ್ಡ ಉಸಿರು ಕೇಳಿಸಿತು.

"ಇದ್ದೀಯಾ?"

"ಇದ್ದೀನಿ ಮಾವ."

"ಎಲ್ಲಿ?"

"ಹೊರಗೆ."

"ಬೀಗದ ಕೈ?"

"ನನ್ನ ಕೈಲಿದೆ."

ಒಮ್ಮೆ ಅಲ್ಲಾಡಿಸಿದೆ. "ಚೆನ್ನಾಗಿದೆ," ಎಂದರು; ದನಿ ಚೆನ್ನಾಗಿರಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದೆ. ಉತ್ತರದ ಬದಲು ಒಂದು ಆಕಳಿಕೆ ಬಂತು. ಅಷ್ಟರಲ್ಲಿ ಮನೆಯೊಳಗಿನಿಂದ ಅತ್ತೆ, "ಏ ಹುಡುಗೀ, ಬಾ ಇಲ್ಲಿ, ಈ ಕಾಲನ್ನ ದಿಂಬಿನ ಮೇಲೆ ಎತ್ತಿಡು," ಎಂದು ಕರೆದರು. ಹೋದೆ. ಪ್ಲಾಸ್ಟರಿನ ಕಾಲು ಭಾರ. ದಿಂಬು ಒಂದು ಕಡೆಗೆ ಜರುಗಿತು, ಇನ್ನೊಂದು ಕಡೆಗೆ ಜರುಗಿತು, ಅತ್ತೆಗೆ ಯಾವುದೂ ಸರಿಬರಲಿಲ್ಲ. ವಾಪಸು ಬಂದಾಗ ಮರದ ಹೊಟ್ಟಿನ ಮೇಲೆ ಬೀರುವಿನ ನಾಲ್ಕು ಕಾಲುಗಳ ಗುರುತು ಮಾತ್ರ ಇತ್ತು.

ನಾಳೆ ಬರಬೇಕಾದ ಹಮಾಲಿಗಳು ಇವತ್ತೇ ಬಂದಿದ್ದರು. ಬಾಗಿಲ ಬಳಿ ಇರುವ, ಬೀಗ ಹಾಕಿದ ಬೀರು ಎಂದು ಅವರಿಗೆ ಹೇಳಿದ್ದವರು ಮಾವನೇ.

"ಅತ್ತೆ, ಮಾವನ್ನ ಎತ್ಕೊಂಡು ಹೋದ್ರು."

"ಯಾರು?"

"ಹಮಾಲಿಗಳು."

"ಎಲ್ಲಿಗೆ?"

"ಹಲ್ಲಿನ ಡಾಕ್ಟರ್ ಮನೆಗೆ."

"ಅವ್ರಿಗೆ ಹಲ್ಲುನೋವೇ ಇರ್ಲಿಲ್ವಲ್ಲೇ!" ಎಂದು ಅತ್ತೆ ಕಿರುಚಿದರು.

ಅತ್ತೆಯ ಕಿರುಚು ಕಿಟಕಿ ದಾಟಿ ಬೀದಿಗೆ ಹೋಯಿತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಇನ್ನೊಬ್ಬಾಕೆಗೆ ವಿವರಿಸುತ್ತಿದ್ದರು: "ಹಲ್ಲು ಕೀಳಿಸ್ಕೊಳ್ಳೋಕೆ ಹೆದರಿ ಬೀರುವಿನಲ್ಲಿ ಅಡಗಿ ಕೂತಿದ್ರಂತೆ. ಡಾಕ್ಟ್ರು ಬೀರು ಸಮೇತ ಹೊರಿಸ್ಕೊಂಡು ಹೋದ್ರಂತೆ."

"ಈಗಿನ ಡಾಕ್ಟರುಗಳು ಬಿಡ್ತಾರೇನ್ರೀ?" ಎಂದು ಇನ್ನೊಬ್ಬಾಕೆ ಕೆನ್ನೆ ಮುಟ್ಟಿಕೊಂಡರು.

ಪೈಲಟ್ ಸ್ಕೂಟರ್ ತೆಗೆದರು. ನಾನು ಹಿಂದೆ ಕೂತೆ. ಡಾಕ್ಟರ ಹೊಸ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಕಿರಿದು ಎಂದು ಹಮಾಲಿಗಳು ಬೀರುವಿಗೆ ಹಗ್ಗ ಕಟ್ಟಿ, ರಾಟೆ ಹಾಕಿ, ಹೊರಗಿನಿಂದಲೇ ಬಾಲ್ಕನಿಗೆ ಎಳೆಯುತ್ತಿದ್ದರು. ನಾವು ತಲುಪಿದಾಗ ಬೀರು ಮೊದಲ ಮಹಡಿ ದಾಟಿತ್ತು. ಕೆಳಗೆ ಒಬ್ಬ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದು ಬಸ್ಸೊಂದನ್ನು ನಿಲ್ಲಿಸಿದ್ದ. "ಏನು ತೂಕ ಸ್ವಾಮಿ!" ಎಂದು ಹಮಾಲಿ ಮೇಸ್ತ್ರಿ ಹಗ್ಗ ಎಳೆಯುತ್ತಾ ಹೇಳಿದ. ಮೇಲಿನಿಂದ ಡಾಕ್ಟರು, "ಗಟ್ಟಿ ಮರ ಅಂದ್ರೆ ಹಾಗೇ ಕಣಯ್ಯ!" ಎಂದು ಹೆಮ್ಮೆಪಟ್ಟರು.

ನಾನು ಪೊಲೀಸನ ಬಳಿ ಹೋಗಿ, "ಅದರಲ್ಲಿ ನಮ್ಮ ಮಾವ ಇದ್ದಾರೆ," ಎಂದೆ. ನನ್ನ ದನಿ ನನಗಷ್ಟೇ ಕೇಳಿಸಿತು. ಮತ್ತೊಮ್ಮೆ ಹೇಳಿದೆ.

"ಯಾರಿದ್ರೆ ನಮಗೇನಮ್ಮ, ಬೇಗ ಮೇಲೆ ಹೋಗ್ಲಿ. ಬಸ್ ನಿಂತಿದೆ," ಎಂದ ಪೊಲೀಸ್. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿ ನನ್ನತ್ತ ತಿರುಗಿದ. "ಒಳಗೆ ಯಾರು?"

"ಮನುಷ್ಯ ಸಾರ್!" ಪೈಲಟ್ ಕೂಗಿದರು.

"ಬದುಕಿದ್ದಾರಾ?"

"ಬೆಳಿಗ್ಗೆ ಬದುಕಿದ್ರು."

ಪೊಲೀಸ್ ಸೀಟಿ ಊದಿ, "ನಿಲ್ಸಿ!" ಎಂದ. ಬೀರು ಎರಡನೇ ಮಹಡಿಯ ಎತ್ತರದಲ್ಲಿ ನಿಂತು ಮೆಲ್ಲಗೆ ಸುತ್ತತೊಡಗಿತು. "ಇಳ್ಸಿ!" ಎಂದ ಪೊಲೀಸ್. "ಎತ್ತಿ! ಅದು ನನ್ನ ಬೀರು!" ಎಂದರು ಡಾಕ್ಟರು. "ಒಳಗಿರೋರು ನಮ್ಮೋರು!" ಎಂದರು ಪೈಲಟ್. "ಹತ್ತಿಸ್ಬೇಕೋ ಇಳಿಸ್ಬೇಕೋ, ಯಾರಾದ್ರೂ ಒಬ್ರು ಹೇಳಿ ಸ್ವಾಮಿ, ಕೈ ಉರೀತಿದೆ!" ಎಂದ ಮೇಸ್ತ್ರಿ. ಬಸ್ಸಿನ ಕಿಟಕಿಯಿಂದ ಯಾರೋ, "ಕೈ ಎತ್ತಿಸಿ ನೋಡಿ, ಯಾವ ಕಡೆಗೆ ಜಾಸ್ತಿ ಜನವೋ ಹಾಗೆ ಮಾಡಿ," ಎಂದು ದಾರಿ ತೋರಿದರು. ಕೆಲವರು ಕೈ ಎತ್ತಿಯೂ ಬಿಟ್ಟರು. ಯಾವುದಕ್ಕೆ ಎತ್ತಿದ್ದೇವೆಂದು ಅವರಿಗೂ ತಿಳಿದಿರಲಿಲ್ಲ.

ಆಗ ಬೀರು ಮಾತಾಡಿತು.

"ಸಾಕು ಕಣೇ! ಸ್ವಲ್ಪ ಮೆಲ್ಲಗೆ ಅಲ್ಲಾಡ್ಸು!"

ಹಗ್ಗ ಹಿಡಿದವರಲ್ಲಿ ಒಬ್ಬ ಕೈಬಿಟ್ಟು ಓಡಿದ. ಪೊಲೀಸ್ ಹಾರಿಹೋಗಿ ಆ ಜಾಗದಲ್ಲಿ ಹಗ್ಗ ಹಿಡಿದ.

"ಇದ್ದೀಯಾ?" ಎಂದಿತು ಬೀರು.

ಎಲ್ಲರೂ ನನ್ನನ್ನು ನೋಡಿದರು. ತಾವಿರುವುದು ಕೊಟ್ಟಿಗೆಯಲ್ಲಲ್ಲ, ಗಾಳಿಯಲ್ಲಿ ಎಂದು ಮಾವನಿಗೆ ತಿಳಿದರೆ ಒಳಗೇ ಒದ್ದಾಡುತ್ತಾರೆ. ಒದ್ದಾಡಿದರೆ ಹಗ್ಗ ತಡೆಯುವುದಿಲ್ಲ. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲೂ ಎರಡು ಸಲ ಬಾಯಿ ತೆರೆದು ಮುಚ್ಚುವ ನಾನು ಬೀದಿಯ ನಡುವೆ ನಿಂತು ಕತ್ತೆತ್ತಿ ಕೂಗಿದೆ:

"ಇದ್ದೀನಿ ಮಾವ!"

"ಎಲ್ಲಿ?"

"ಹೊರಗೇ ಇದ್ದೀನಿ!"

"ಬೀಗದ ಕೈ?"

"ನನ್ನ ಕೈಲಿದೆ!" ಎಂದು ಬೀಗದ ಕೈಯನ್ನು ಎತ್ತಿ ಹಿಡಿದೆ. ಬಸ್ಸಿನವರೆಲ್ಲ ಅದನ್ನು ನೋಡಿದರು.

"ಹಾಗಾದ್ರೆ ಸರಿ," ಎಂದು ಬೀರು ಮತ್ತೆ ಆಕಳಿಸಿತು.

"ಯಾವಾಗ್ಲೂ ಹೀಗೇನಾ ಇವ್ರು?" ಪೊಲೀಸ್ ಪಿಸುಗುಟ್ಟಿದ.

"ಇಲ್ಲ ಸಾರ್. ವಿಮಾನಕ್ಕೆ ತಯಾರಿ," ಎಂದರು ಪೈಲಟ್. ಪೊಲೀಸ್ ಹಗ್ಗವನ್ನೂ ಬೀರುವನ್ನೂ ಆಕಾಶವನ್ನೂ ನೋಡಿ, ಇನ್ನೇನೂ ಕೇಳದೆ ಎಳೆಯತೊಡಗಿದ.

ನಾನು ಮೆಟ್ಟಿಲು ಹತ್ತಿ ಹೋದೆ. ಬೀರು ಬಾಲ್ಕನಿಗೆ ಇಳಿದ ಮೇಲೆ ಬೀಗ ತೆಗೆದೆ. ಮಾವ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ, ಮದುಮಗನ ಹಾಗೆ ಪ್ರಸನ್ನರಾಗಿ ಕೂತಿದ್ದರು.

"ಅರ್ಧ ಗಂಟೆ ಆಗ್ಹೋಯ್ತಾ? ಇನ್ನೂ ಒಂದಿಷ್ಟು ಕೂರ್ತಿದ್ದೆ ಕಣೇ," ಎಂದು ಕಣ್ಣು ಬಿಟ್ಟರು. ಎದುರಿಗೆ ಡಾಕ್ಟರು. "ಡಾಕ್ಟ್ರೇ, ನೀವ್ಯಾಕೆ ಬರೋಕೆ ಹೋದ್ರಿ? ಬೀರು ನಾಳೆ ಕಳಿಸ್ತಿದ್ನಲ್ಲ."

"ಬಂದಿರೋದು ನೀವು ಕಣ್ರೀ," ಎಂದರು ಡಾಕ್ಟರು.

ಮಾವ ಹೊರಗೆ ಬಂದು ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ನೋಡಿದರು. ಕೆಳಗಿನಿಂದ ಬಸ್ಸು, ಪೊಲೀಸ್, ಪೈಲಟ್, ಬೀದಿಗೆ ಬೀದಿಯೇ ಅವರನ್ನು ನೋಡುತ್ತಿತ್ತು. ರಾಟೆ ನೋಡಿದರು. ಹಗ್ಗ ನೋಡಿದರು. ಮುಖದ ಬಣ್ಣ ಇಳಿದುಹೋಗಿ, ಹಿಂದಿದ್ದ ಕುರ್ಚಿಯ ಮೇಲೆ ಕುಸಿದು ತಲೆ ಹಿಂದಕ್ಕೆ ಚೆಲ್ಲಿದರು. ಡಾಕ್ಟರು ಅಭ್ಯಾಸಬಲದಿಂದ ಬಗ್ಗಿ, "ಎಲ್ಲಿ, ಬಾಯಿ ತೆಗೀರಿ," ಎಂದರು.

ಬೀದಿಯವರ ಲೆಕ್ಕದಲ್ಲಿ ಮಾವ ಹಾರಿ ಗೆದ್ದಿದ್ದರು. ಮಾವನ ಲೆಕ್ಕವೇ ಬೇರೆ. "ಗೊತ್ತಿಲ್ದೆ ಹಾರಿದ್ದು ಹಾರಿದ ಹಾಗಲ್ಲ," ಎಂದು ಅವರು ಉಳಿದ ಬೀರುವಿನ ಎದುರು ಹಾದುಹೋಗುವುದನ್ನೂ ಬಿಟ್ಟರು. ಬೀದಿಗೆ ಹೋಗಲು ಹಿತ್ತಿಲ ಬಾಗಿಲಿನಿಂದ ಮನೆಯನ್ನೇ ಸುತ್ತಿ ಬರುತ್ತಿದ್ದರು. ವಿಮಾನ ಬೇಡವೆಂದು ಮಗಳಿಗೆ ಹೇಳಿಬಿಡಲು ಫೋನ್ ಕೈಗೆತ್ತಿಕೊಂಡದ್ದೂ ಉಂಟು. ಆದರೆ ಅತ್ತೆ ಆಗಲೇ ಎಲ್ಲವನ್ನೂ ಹೇಳಿಯಾಗಿತ್ತು.

"ಅಪ್ಪಾ," ಎಂದಳು ಅಕ್ಕ, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನಂಗೋಸ್ಕರ ಬೀರುವಿನಲ್ಲಿ ಕೂತ್ಯಾ?"

ಮಾವ, "ಹೂಂ," ಎಂದರು. ಫೋನ್ ಇಟ್ಟು, ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಸಿದರು.

ಭಾನುವಾರ ನಾವಿಬ್ಬರೂ ವಿಮಾನದ ಬಾಗಿಲವರೆಗೆ ತಲುಪಿದೆವು. ಮಾವ ಒಂದು ಕಾಲು ಒಳಗಿಟ್ಟು, ಒಂದು ಕಾಲು ಹೊರಗಿಟ್ಟು, ಬಾಗಿಲ ದಪ್ಪವನ್ನು ಅಂಗೈಯಿಂದ ಅಳೆದು ನಿಂತುಬಿಟ್ಟರು. ಹಿಂದೆ ಸಾಲು ಬೆಳೆಯಿತು.

"ಒಳಗೆ ಬನ್ನಿ ಸರ್," ಎಂದಳು ಗಗನಸಖಿ.

"ಇದನ್ನ ಯಾವಾಗ ತೆಗೀತೀರಿ?"

"ಯಾವುದನ್ನ ಸರ್?"

"ಬಾಗಿಲು."

"ತೆಗೆದೇ ಇದೆಯಲ್ಲ ಸರ್."

"ಹಾಕಿದ ಮೇಲೆ?"

"ಹಾಕಿದ ಮೇಲೆ ಇಳಿದಾಗಲೇ ಸರ್."

"ಬೀಗದ ಕೈ ಯಾರ ಹತ್ರ ಇರುತ್ತೆ?"

"ಇದಕ್ಕೆ ಬೀಗದ ಕೈ ಇರಲ್ಲ ಸರ್," ಎಂದಳು ಅವಳು, ಸಮಾಧಾನವಾಗಲೆಂದು. ಮಾವ ಹಿಂದಿರುಗಿ ಹೊರಟೇಬಿಟ್ಟರು. ಸಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಅವರ ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಸೋಮವಾರದ ಕುರ್ಚಿ ಮತ್ತೆ ಖಾಲಿಯಾಗುವುದನ್ನು ನಾನು ನೋಡುತ್ತಿದ್ದೆ.

"ಮಾವ," ಎಂದೆ, "ಕಣ್ಣು ಮುಚ್ಕೊಳ್ಳಿ. ಇದು ಬೀರು. ನಾನು ಹೊರಗಿರ್ತೀನಿ."

ಅವರು ನನ್ನನ್ನು ನೋಡಿದರು. ಕಣ್ಣು ಮುಚ್ಚಿದರು. ಕೈಹಿಡಿದು ಕರೆದೊಯ್ದು ದಾರಿಯ ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದೆ. ನಾನು ನಡುವಿನ ಸೀಟಿಗೆ ಸರಿದೆ. ಕಿಟಕಿಯ ಬಳಿ ಒಬ್ಬ ಭಾರೀ ಆಸಾಮಿ ಆಗಲೇ ನಿದ್ದೆಹೋಗಿದ್ದರು. ಬಾಗಿಲು ಹಾಕಿದ ಸದ್ದಾಯಿತು.

"ಇದ್ದೀಯಾ?"

"ಇದ್ದೀನಿ ಮಾವ."

"ಎಲ್ಲಿ?"

"ಹೊರಗೆ."

ಹಾದುಹೋಗುತ್ತಿದ್ದ ಗಗನಸಖಿ ನಿಂತಳು.

"ಬೀಗದ ಕೈ?"

"ನನ್ನ ಕೈಲಿದೆ."

"ಯಾವ ಬೀಗದ ಕೈ?" ಗಗನಸಖಿ ನನ್ನನ್ನು ಕೇಳಿದ​ಳು.

"ಬೀರುವಿನದು."

"ಬೀರು ಎಲ್ಲಿದೆ?"

"ಇದೇ," ಎಂದೆ.

ಅವಳು ಹೋಗಿ ಇನ್ನೊಬ್ಬಳನ್ನು ಕರೆತಂದಳು. ಮಾವ ಕಣ್ಣು ಮುಚ್ಚಿ ಗಂಭೀರವಾಗಿ ಕೂತಿದ್ದರು. ಯಾರ ಕಣ್ಣಿಗೂ ದೊಡ್ಡ ಮನುಷ್ಯರಂತೆ ಕಾಣುತ್ತಿದ್ದರು. ಅವರಿಬ್ಬರೂ ನನಗೇ ನೀರು ಕೊಟ್ಟರು, ನನ್ನ ಹಣೆ ಮುಟ್ಟಿ ನೋಡಿದರು. "ನೀವು ಹೊರಗಿಲ್ಲಮ್ಮ. ನಮ್ಮ ಜೊತೆ ಒಳಗೇ ಇದ್ದೀರಿ. ಹೆದರ್ಬೇಡಿ," ಎಂದು ದೊಡ್ಡವಳು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

ವಿಮಾನ ಏರಿತು. ಮೋಡದೊಳಗೆ ಹೋದಾಗ ಗಡಗಡ ಅಲ್ಲಾಡಿತು.

"ಅಷ್ಟು ಜೋರಾಗಿ ಬೇಡ ಕಣೇ," ಎಂದರು ಮಾವ.

"ಆಯ್ತು ಮಾವ," ಎಂದೆ. ಆ ಹೊತ್ತಿಗೇ ಅಲ್ಲಾಟ ನಿಂತಿತು. ಆಚೆ ಸಾಲಿನ ಮುದುಕರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ನನ್ನತ್ತ ಬಗ್ಗಿ, ಬಹಳ ಮರ್ಯಾದೆಯಿಂದ, "ಇಳಿಯೋವರೆಗೂ ಹೀಗೇ ಇರ್ಲಿ ತಾಯಿ," ಎಂದರು.

ಟ್ರೇಯಲ್ಲಿ ಚಹಾ ಬಂತು. ಮಾವ ಒಂದು ಕಣ್ಣು ತೆರೆದು ಲೋಟ ತೆಗೆದುಕೊಂಡರು.

"ಮಾವ!" ಎಂದೆ. "ಕಣ್ಣು!"

"ಸುಮ್ನಿರೇ. ಬೀರುವಿನಲ್ಲಿ ಯಾರು ಚಹಾ ಕೊಡ್ತಾರೆ? ಇದು ವಿಮಾನ ಅಂತ ನಂಗೆ ಬಾಗಿಲಲ್ಲೇ ಗೊತ್ತಿತ್ತು." ಅವರು ಚಹಾ ಕುಡಿದು ಮೀಸೆ ಒರೆಸಿಕೊಂಡರು. "ನೀನು ಹೊರಗಿದ್ದೀನಿ ಅಂದ್ರೆ ಸಾಕು ನಂಗೆ. ಸುಳ್ಳಾದ್ರೂ ಪರವಾಗಿಲ್ಲ. ನಾಳೆ ರಿಜಿಸ್ಟ್ರಾರ್ ಆಫೀಸಲ್ಲೂ ಬಾಗಿಲು ಹಾಕ್ಲಿ ಬಿಡು. ಅವಳ ಎದುರಿಗೇ ಕೂರ್ತೀನಿ. ಸಹಿ ಒಣಗೋವರೆಗೂ ಏಳಲ್ಲ." ಪೈಲಟ್ ಮತ್ತೆ ಕೊಟ್ಟಿದ್ದ ಎರಡು ಮಾತ್ರೆಗಳಲ್ಲಿ ಬರುವಾಗಿನದನ್ನೂ ಅವರು ಈ ಸಲವೂ ಮುಂಚೆಯೇ ನುಂಗಿದ್ದರು. ಲೋಟ ನನ್ನ ಕೈಗಿತ್ತು, ಬಾಯಿ ತೆರೆದು ಗೊರಕೆ ಹೊಡೆಯತೊಡಗಿದರು.

ದೀಪಗಳನ್ನು ಸಣ್ಣದು ಮಾಡಿದರು. ಮುಂದಿನವರು ಸೀಟನ್ನು ಹಿಂದಕ್ಕೆ ಒರಗಿಸಿದರು. ಅದು ನನ್ನ ಮೊಣಕಾಲಿಗೆ ಬಂದು ನಿಂತಿತು. ಕಿಟಕಿಯವರ ತಲೆ ನನ್ನ ಎಡ ಭುಜದ ಮೇಲೆ ಬಿತ್ತು. ಮಾವನ ತಲೆ ಬಲ ಭುಜದ ಮೇಲೆ. ಲೋಟ ಇಡಲು ಜಾಗವಿರಲಿಲ್ಲ. ನನ್ನ ಕೈ ತಾನಾಗಿಯೇ ಮುಂದಿನ ಸೀಟನ್ನು ನೂಕಿತು, ಬೀರುವಿನ ಬಾಗಿಲನ್ನು ಒಳಗಿನಿಂದ ನೂಕುವ ಹಾಗೆ. ಬೀರುವಾದರೆ ಹೊರಗೆ ಮಾವ ಇರುತ್ತಿದ್ದರು; ಇದು ತೆರೆಯಲಿಲ್ಲ. ಮತ್ತೆ ನೂಕಿದೆ. ಸೀಟಿನವರು ತಿರುಗಿ, "ಏನು?" ಎಂದರು.

"ಏನಿಲ್ಲ," ಎಂದೆ.

ಅವರು ಮತ್ತೆ ಒರಗಿದರು. ಗಗನಸಖಿಯರು ದೂರದ ಪರದೆಯ ಹಿಂದೆ ಹೋಗಿದ್ದರು. ಆಚೆ ಸಾಲಿನ ಮುದುಕರೂ ವಿಮಾನದ ಭಾರವನ್ನು ನನ್ನ ಮೇಲೆ ಹಾಕಿ ನೆಮ್ಮದಿಯಾಗಿ ಮಲಗಿದ್ದರು. ನನ್ನ ಅಂಗೈ ಒದ್ದೆಯಾಗಿ ಲೋಟ ಜಾರುತ್ತಿತ್ತು. ಮಾವನ ತೋಳನ್ನು ಹಿಡಿದು ಅಲ್ಲಾಡಿಸಿದೆ.

"ಮಾವ, ಸ್ವಲ್ಪ ಹೊತ್ತು ಎದ್ದಿರಿ. ಏನಾದ್ರೂ ಮಾತಾಡ್ತಿರಿ."